ಚಿಗರಿಯ ಕಣ್ಣಿನ ಬಿಳಿ

ಹೋದ ತಿಂಗಳು ಹಾವೇರಿಯ ಒಂದು ಫ್ಯಾನ್ಸಿ ಸ್ಟೋರಿನಲ್ಲಿ ನನ್ನ ಮಾನ ಹೋಗುವುದೊಂದು ಬಾಕಿ ಇತ್ತು. ನಮ್ಮ ಶಾಲೆಯ ಹಿರಿಯ ಶಿಕ್ಷಕಿಯೊಬ್ಬರ ಮೊಮ್ಮಗಳಿಗೆ ಹುಟ್ಟುಹಬ್ಬ, ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಒಳಗೆ ಹೊಕ್ಕಿದ್ದೆ. ಅಂಗಡಿಯಾಕೆ ಪ್ಲಾಸ್ಟಿಕ್ ಪ್ರಾಣಿಗಳ ಒಂದು ಡಬ್ಬಿಯನ್ನು ಮುಂದಿಟ್ಟು, "ನೋಡ್ರಿ ಟೀಚರ್, ಹುಲಿ ಐತಿ, ಆನಿ ಐತಿ, ಜಿರಾಫಿ ಐತಿ. ಕೂಸುಗೋಳು ಭಾಳ ಇಷ್ಟಪಡ್ತಾವ" ಎಂದಳು.

"ಯಾವ ಜಿರಾಫಿ?" ಎಂದೆ ನಾನು.

"ಅಂದ್ರ?"

"ಮಸಾಯಿದೋ, ಸೊಮಾಲಿ ಕಡೇದೋ? ಮೈಮ್ಯಾಲಿನ ಮಚ್ಚಿ ನೋಡಿದ್ರ ಮಸಾಯಿ ಅನಸ್ತೈತಿ. ಆದ್ರ ಮೊಣಕಾಲ ಕೆಳಗ ಬೆಳ್ಳಗ ಬಿಟ್ಟಾರ, ಮಸಾಯಿಗೆ ಹಂಗ ಇರಂಗಿಲ್ಲ."

ಅಂಗಡಿಯಾಕೆ ನನ್ನನ್ನೊಮ್ಮೆ, ಜಿರಾಫೆಯನ್ನೊಮ್ಮೆ ನೋಡಿದಳು. "ಜಿರಾಫಿ ಅಂದ್ರ ಸಾಕಲ್ರಿ ಟೀಚರ್. ಕೂಸಿಗೆ ಎರಡ ವರ್ಷ ಅಂದ್ರಿ" ಎಂದಳು. ಹಿಂದೆ ನಿಂತು ಬಳೆ ಆರಿಸುತ್ತಿದ್ದ ಇಬ್ಬರು ಹೆಂಗಸರು ಕಿಸಕ್ಕನೆ ನಕ್ಕರು. ನಾನು ಡಬ್ಬಿಯನ್ನು ಕಟ್ಟಿಸಿಕೊಂಡು ಬಂದೆ.

ನಿಮಗೂ ಇಂಥದ್ದೊಂದು ಚಟ ಇದ್ದೀತು. ಕೆಲವರಿಗೆ ಗೋಡೆಯ ಪಟ ಸೊಟ್ಟಗಿದ್ದರೆ ನೆಟ್ಟಗೆ ಮಾಡುವವರೆಗೆ ಕೂತಲ್ಲಿ ಕೂರಲಾಗುವುದಿಲ್ಲ. ಕೆಲವರು ಲಗ್ನಪತ್ರಿಕೆ ಕೊಟ್ಟವರೆದುರೇ ಅದರಲ್ಲಿನ ಕಾಗುಣಿತದ ತಪ್ಪು ಹುಡುಕುತ್ತಾರೆ. ನನ್ನದು ಇದು: ಆಟಿಕೆಯ ಪ್ರಾಣಿ ಕಂಡರೆ ಅದು ಯಾವ ಪ್ರಾಣಿ ಎಂಬಲ್ಲಿಗೆ ನಿಲ್ಲಲಾರೆ, ಯಾವ ಸೀಮೆಯದು, ಯಾವ ಉಪಪ್ರಭೇದ ಎಂದು ಗೊತ್ತಾಗಲೇಬೇಕು. ಗೊತ್ತಾದದ್ದನ್ನು ಪಕ್ಕದಲ್ಲಿದ್ದವರಿಗೆ ಹೇಳಲೇಬೇಕು. ಅವರು ತಪ್ಪು ಹೇಳಿದ್ದರೆ ತಿದ್ದಲೇಬೇಕು. ಮೂರನೆಯದೇ ಎಲ್ಲಕ್ಕಿಂತ ಕೆಟ್ಟದ್ದು. ಅದರಿಂದಾಗಿಯೇ, ಇಪ್ಪತ್ತು ವರ್ಷಗಳ ಹಿಂದೆ ನಾನಾಡಿದ ಒಂದು ಮಾತಿನಿಂದಾಗಿ, ಬ್ಯಾಡಗಿಯ ಪೇಟೆಯಲ್ಲಿ ಹೆಸರಾಗಿದ್ದ ನನ್ನ ಸೋದರಮಾವ ತನ್ನ ಕೆಲಸ ಕಳೆದುಕೊಂಡ. ಅದನ್ನು ಮುಚ್ಚಿಟ್ಟುಕೊಂಡು ಕೊನೆಗೆ ಹೇಳುವ ಜಾಣತನ ನನಗಿಲ್ಲ, ಮೊದಲೇ ಹೇಳಿಬಿಟ್ಟಿದ್ದೇನೆ.

ನನ್ನ ಅವ್ವನ ಅಣ್ಣ ಮಲ್ಲೇಶಪ್ಪ, ನಮಗೆಲ್ಲ ಮಲ್ಲೇಶ ಮಾಮಾ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಖರೀದಿ ಮಾಡುವ ಸಾವ್ಕಾರರೊಬ್ಬರ ಹತ್ತಿರ ಕಾಯಿ ನೋಡುವ ಕೆಲಸ ಮಾಡುತ್ತಿದ್ದ. ಕಾಯಿ ನೋಡುವುದೂ ಒಂದು ಕೆಲಸವೇ ಎಂದು ನೀವು ಕೇಳಬಹುದು. ಪೇಟೆಯ ದಿನ ಬೆಳಿಗ್ಗೆ ಅಂಗಳದ ತುಂಬ ರೈತರ ಚೀಲಗಳು ಲಾಟು ಲಾಟಾಗಿ ಬಿದ್ದಿರುತ್ತವೆ. ಎತ್ತ ನೋಡಿದರೂ ಕೆಂಪು. ಹೊಸಬರು ಹತ್ತು ಹೆಜ್ಜೆ ನಡೆಯುವುದರೊಳಗೆ ಕೆಮ್ಮಿ ಸೀನಿ ಕಣ್ಣೀರಿಡುತ್ತಾರೆ. ಮಾಮಾ ಮಾತ್ರ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ನೆಂಟರ ಮನೆಯೊಳಗೆ ಹೊಕ್ಕವನಂತೆ ಸಾವಕಾಶವಾಗಿ ನಡೆಯುತ್ತಿದ್ದ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಯುವುದು, ಹಿಚುಕುವುದು, ಒಂದು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸದ್ದು ಕೇಳುವುದು, ಮುರಿದು ಮೂಸುವುದು, ಕೊನೆಗೆ ಬಿಸಿಲಿಗೆ ಹಿಡಿದು ಬಣ್ಣ ನೋಡುವುದು. ಆಮೇಲೆ ಹಿಂದೆ ಬರುತ್ತಿದ್ದ ಸಾವ್ಕಾರರಿಗೆ ಒಂದೇ ಮಾತು: "ಡಬ್ಬಿ. ಎರಿ ಹೊಲದ್ದು. ಎರಡ ದಿನ ಹೆಚ್ಚಿಗೆ ಒಣಗೇತಿ." ಎರಿ ಎಂದರೆ ಕಪ್ಪು ಮಣ್ಣು. ಗಿಡ್ಡಗೆ ದುಂಡಗೆ ಮೈತುಂಬ ಸುಕ್ಕಿದ್ದರೆ ಡಬ್ಬಿ, ಉದ್ದಕ್ಕೆ ಸಣ್ಣಗಿದ್ದರೆ ಕಡ್ಡಿ. ಸಾವ್ಕಾರರು ಅವನ ಮಾತಿನ ಮೇಲೆ ಚೀಟಿಯಲ್ಲಿ ದರ ಬರೆಯುತ್ತಿದ್ದರು. "ಮಲ್ಲೇಶಪ್ಪನ ಕಣ್ಣು" ಎಂದರೆ ಪೇಟೆಯಲ್ಲಿ ಎರಡು ಮಾತಿರಲಿಲ್ಲ.

ಆಟಿಕೆಯ ಪ್ರಾಣಿಗಳಿಗೂ ಮೆಣಸಿನಕಾಯಿಗೂ ಏನು ಸಂಬಂಧವೆಂದರೆ, ಮೊದಲನೆಯ ಪ್ರಾಣಿ ಅವನಿಗೆ ಸಿಕ್ಕದ್ದೇ ಮೆಣಸಿನಕಾಯಿ ಚೀಲದಲ್ಲಿ. ಒಂದು ದಿನ ಹಿಡಿ ಕಾಯಿ ತೆಗೆಯಲು ಕೈ ಹಾಕಿದರೆ ಗಟ್ಟಿಯಾಗಿ ಏನೋ ಸಿಕ್ಕಿತು. ಹೊರಗೆ ತೆಗೆದರೆ ಒಂಟಿಕೊಂಬಿನ ಘೇಂಡಾಮೃಗ, ಹೆಬ್ಬೆರಳಿನಷ್ಟಿತ್ತು. ಕಣದಲ್ಲಿ ಕಾಯಿ ಒಣಹಾಕಿದಾಗ ಯಾವುದೋ ಕೂಸು ಬೀಳಿಸಿರಬೇಕು. ಮಾಮಾ ಅದನ್ನು ಎತ್ತಿ ಹಿಡಿದು ಅಂಗಳದಲ್ಲೆಲ್ಲ ಅಡ್ಡಾಡಿ, "ಯಾರದ್ರಿ ಈ ಜೀವ? ಯಾರ ಮನೀದು?" ಎಂದು ಕೂಗಿದನಂತೆ. ಯಾರೂ ನಮ್ಮದು ಎನ್ನಲಿಲ್ಲ. ಮನೆಗೆ ತಂದು ತೊಳೆದ. ಎಷ್ಟು ತೊಳೆದರೂ ಅದರ ಚರ್ಮದ ಮಡಿಕೆಗಳೊಳಗಿನ ಕೆಂಪು ಹೋಗಲಿಲ್ಲ.

ಒಂದು ಇದ್ದಮೇಲೆ ಜೊತೆಗೊಂದು ಬೇಕಲ್ಲ. ಚಹಾಪುಡಿ ಪೊಟ್ಟಣದ ಜೊತೆ ಬಂದ ಆನೆ, ರಾಣೆಬೆನ್ನೂರು ಸ್ಟೇಶನ್ ಎದುರಿನ ತಳ್ಳುಗಾಡಿಯ ಹುಲಿ, ಮುಂಬೈಯಿಂದ ಬಂದ ಬೀಗರು ಕೊಟ್ಟ ಜೀಬ್ರಾ, ಹೀಗೆ ಕೂಡುತ್ತ ಹೋದವು. ಪಡಸಾಲೆಯ ಗಾಜಿನ ಕಪಾಟಿನಲ್ಲಿದ್ದ ಗಿರಿಜತ್ತಿಯ ಕಪ್ಪು-ಬಸಿಗಳು ಒಂದೊಂದೇ ಅಂತಸ್ತು ಬಿಟ್ಟುಕೊಟ್ಟು ಅಡುಗೆಮನೆ ಸೇರಿದವು. ಮಾಮಾನ ಹೆಂಡತಿ ಗಿರಿಜತ್ತಿ ಬಾಯಿ ಮಾಡುತ್ತಿದ್ದಳೇ ಹೊರತು ಬೇಡ ಎನ್ನುತ್ತಿರಲಿಲ್ಲ. "ಮಂದಿ ಗಂಡಸರು ಇಸ್ಪೀಟ ಆಡ್ತಾರ, ನಮ್ಮವ್ರು ದನಾ ಕಾಯ್ತಾರ" ಎಂದು ಬಂದವರೆದುರು ಹೇಳುವುದು ಅವಳಿಗೆ ಒಳಗೊಳಗೇ ಹೆಮ್ಮೆಯ ಸಂಗತಿಯಾಗಿತ್ತು.

ನಾನು ಇದರೊಳಗೆ ಬಂದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ, ರಾಣೆಬೆನ್ನೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ. ಪ್ರಾಣಿಶಾಸ್ತ್ರದ ನಾಲ್ಕು ಪಾಠ ಕಲಿತವಳಿಗೆ ಇರಬಾರದಷ್ಟು ಸೊಕ್ಕು ನನಗಿತ್ತು. ಒಂದು ಭಾನುವಾರ ಬ್ಯಾಡಗಿಗೆ ಹೋದಾಗ ಕಪಾಟಿನೆದುರು ನಿಂತು ನೋಡಿದರೆ, ಪ್ರತಿ ಪ್ರಾಣಿಯ ಕಾಲಬುಡದಲ್ಲೂ ಪೇಟೆಯ ಲಾಟಿನ ಚೀಟಿ. ಅದರ ಮೇಲೆ ಮಾಮಾನ ಅಂಗಡಿ ಅಕ್ಷರ. ಒಂದು ಸಿಂಹದ ಕೆಳಗೆ "ಸಿಂಹ, ಡಬ್ಬಿ" ಎಂದಿತ್ತು. ಪಕ್ಕದ್ದಕ್ಕೆ "ಸಿಂಹ, ಕಡ್ಡಿ".

"ಮಾಮಾ, ಸಿಂಹದಾಗ ಡಬ್ಬಿ ಕಡ್ಡಿ ಇರಂಗಿಲ್ಲ" ಎಂದೆ.

"ಮತ್ತ ಇದು ದುಂಡಗ ಐತಿ, ಅದು ಸಣಕಲ ಐತಿ. ಎರಡೂ ಒಂದ ತಳಿ ಹೆಂಗ ಅಕ್ಕಾವ?"

ಪ್ರಶ್ನೆ ತಪ್ಪಾಗಿರಲಿಲ್ಲ. ನಾನು ಅವನಿಗೆ ಉಪಪ್ರಭೇದ ಎಂದರೇನೆಂದು ವಿವರಿಸಿದೆ. ಗುಜರಾತಿನ ಗಿರ್ ಕಾಡಿನ ಸಿಂಹ ಬೇರೆ, ಆಫ್ರಿಕಾದ್ದು ಬೇರೆ, ಗಿರದ ಸಿಂಹಕ್ಕೆ ಹೊಟ್ಟೆಯ ಉದ್ದಕ್ಕೂ ಚರ್ಮದ ಮಡಿಕೆ ಇರುತ್ತದೆ, ಕೇಸರ ಕಡಿಮೆಯಾದ್ದರಿಂದ ಕಿವಿ ಎದ್ದು ಕಾಣುತ್ತವೆ ಎಂದೆಲ್ಲ ಹೇಳಿದೆ. ರೊಟ್ಟಿ ತಟ್ಟುತ್ತಿದ್ದ ಅತ್ತಿ ಒಳಗಿಂದಲೇ, "ಅಯ್ಯ, ಅವಕ್ಕೂ ಒಳಪಂಗಡ ಅದಾವೇನವಾ? ಹೆಣ್ಣು ಕೊಟ್ಟು ತಗೊಂಡು ಮಾಡ್ತಾವೋ ಇಲ್ಲೋ?" ಎಂದಳು. ಮಾಮಾ ನಗಲಿಲ್ಲ. ಎರಡೂ ಸಿಂಹಗಳನ್ನು ಮಗುಚಿ, ಹೊಟ್ಟೆಯ ಮೇಲೆ ಬೆರಳಾಡಿಸಿ, "ಇದಕ್ಕೈತಿ ನೋಡವಾ ಮಡಿಕಿ. ಅದಕ್ಕಿಲ್ಲ" ಎಂದು ಸಂಭ್ರಮದಿಂದ ಕೂಗಿದ. ಅಲ್ಲಿಂದ ನಮ್ಮ ಭಾನುವಾರಗಳು ಶುರುವಾದವು.

ವಾರವಿಡೀ ನನ್ನ ಕೆಲಸ ಕಾಲೇಜಿನ ಲೈಬ್ರರಿಯಲ್ಲಿ. ದಪ್ಪ ಪುಸ್ತಕವನ್ನು ಮನೆಗೆ ಕೊಡುತ್ತಿರಲಿಲ್ಲ, ಹಾಗಾಗಿ ಬೇಕಾದ್ದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆ. ಒಮ್ಮೆ ಸೈಬರ್ ಕೆಫೆಗೆ ಹೋಗಿ ಅರ್ಧ ಗಂಟೆ ಕಾದು ಜಿರಾಫೆಗಳ ಚಿತ್ರ ಪ್ರಿಂಟ್ ತೆಗೆಸಿದೆ. ಅವರ ಹತ್ತಿರ ಬಣ್ಣದ ಪ್ರಿಂಟರ್ ಇರಲಿಲ್ಲ. ಎಲ್ಲ ಜಿರಾಫೆಗಳೂ ಸುಟ್ಟ ರೊಟ್ಟಿಯಂತೆ ಬಂದಿದ್ದವು. ಅದನ್ನೂ ಮಡಚಿಟ್ಟುಕೊಂಡು ಭಾನುವಾರ ಬೆಳಿಗ್ಗೆ ಬಸ್ ಹತ್ತಿ, ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬಸ್ಸು ಬ್ಯಾಡಗಿಯ ಕಡೆ ಹೊರಳುವಾಗ ನನಗಾಗುತ್ತಿದ್ದ ಖುಷಿಯನ್ನು ಈಗ ಯಾವುದಕ್ಕೂ ಹೋಲಿಸಲಾರೆ. ಊಟಕ್ಕೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಊಟವಾದ ಮೇಲೆ ಮಾಮಾ ಬಾಗಿಲ ಬೆಳಕಿಗೆ ಚಾಪೆ ಎಳೆದು, ಕಪಾಟಿನಿಂದ ನಾಲ್ಕೋ ಐದೋ ಪ್ರಾಣಿಗಳನ್ನು ಇಳಿಸುತ್ತಿದ್ದ. ನಾನು ನೋಟ್‌ಬುಕ್ ಬಿಚ್ಚುತ್ತಿದ್ದೆ.

ಎಲ್ಲವೂ ಸುಸೂತ್ರವಾಗಿ ಸಾಗುತ್ತಿರಲಿಲ್ಲ. ಉದ್ದನೆಯ ಕೊಂಬಿನ ಒಂದು ಎಮ್ಮೆ ಇತ್ತು. ಅದು ಅಸ್ಸಾಮಿನ ಕಾಡೆಮ್ಮೆ ಎಂದು ನಾನು. ಅಲ್ಲ, ಪಂಢರಪುರಿ ಎಂದು ಅವನು. "ಕೊಂಬು ಹೆಗಲತನಕ ಬಂದಾವ. ನಮ್ಮ ಹಲಗೇರಿ ಬೀಗರ ಮನ್ಯಾಗ ಇಂಥಾದ್ದ ಐತಿ, ನಾ ಅದರ ಹಾಲಿನ ಚಹಾ ಕುಡದೇನಿ" ಎಂಬುದು ಅವನ ವಾದ. ಕಾಡಿನದಕ್ಕೆ ಮೈ ದೊಡ್ಡದು, ಕಾಲು ಬೆಳ್ಳಗೆ ಎಂದು ನಾನು ತೋರಿಸಿದರೆ, "ಹಾಲು ಕೊಡತೈತೇನು ಹೇಳು" ಎಂದು ಕೇಳುತ್ತಿದ್ದ. ಒಂದು ತಿಂಗಳು ಜಗಳವಾಗಿ ಕೊನೆಗೆ ಚೀಟಿಯ ಮೇಲೆ "ಎಮ್ಮಿ, ಪಂಢರಪುರಿ (ಸೊಸಿ ಪ್ರಕಾರ ಕಾಡಿಂದು)" ಎಂದು ಬರೆದ. ನಮ್ಮ ಕಡೆ ಅಕ್ಕ-ತಂಗಿಯ ಮಗಳೂ ಸೊಸೆಯೇ.

ಅವನ ಪದ್ಧತಿ ಪೇಟೆಯದೇ. ಮೊದಲು ಮುಟ್ಟಬೇಕು. ಕೊಂಬು ಎಷ್ಟು, ಸೊಂಡಿಲಿನ ತುದಿಗೆ ಬೆರಳು ಒಂದೋ ಎರಡೋ, ಬೆನ್ನು ಎಲ್ಲಿ ಏರಿದೆ, ಎಲ್ಲಿ ಇಳಿದಿದೆ, ಎಲ್ಲವೂ ಬೆರಳಿನಿಂದ. "ಬಣ್ಣ ನಂಬಬಾರದವಾ. ಪ್ಯಾಟ್ಯಾಗ ಕಾಯಿಗೆ ಎಣ್ಣಿ ಸವರಿ ಮಿಂಚು ಬರಸ್ತಾರ. ಬಣ್ಣ ಹಚ್ಚಿದವ ಸುಳ್ಳ ಹೇಳಬೌದು, ಅಚ್ಚು ಮಾಡಿದವ ಪ್ರಾಣಿ ನೋಡೇ ಮಾಡಿರ್ತಾನ" ಎನ್ನುತ್ತಿದ್ದ. ಆದರೆ ಜಿರಾಫೆ, ಜೀಬ್ರಾಗಳ ಉಪಪ್ರಭೇದ ಇರುವುದೇ ಬಣ್ಣದಲ್ಲಿ, ಪಟ್ಟೆ-ಮಚ್ಚೆಗಳಲ್ಲಿ. ಅವು ಬಂದಾಗ ಅವನು ಮುಟ್ಟುತ್ತಲೂ ಇರಲಿಲ್ಲ. ನನ್ನ ಕಡೆ ಸರಿಸಿ, "ಇದು ನಿಂದವಾ. ನೋಡಿ ಹೇಳು" ಎನ್ನುತ್ತಿದ್ದ. ನಾನು ಪಟ್ಟೆಗಳ ನಡುವಿನ ಮಸುಕು ಗೆರೆಗಳನ್ನು ಎಣಿಸುತ್ತಿದ್ದೆ, ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಇಡೀ ಬ್ಯಾಡಗಿ ಪೇಟೆ ಯಾರ ಕಣ್ಣನ್ನು ನಂಬಿತ್ತೋ ಅವನು ನನ್ನ ಕಣ್ಣನ್ನು ನಂಬುತ್ತಿದ್ದಾನಲ್ಲ ಎಂದು ನನಗೆ ಕೋಡು ಮೂಡಿತ್ತು. ನನ್ನ ಓದಿಗೆ ಅವನು ಕೊಡುವ ಗೌರವ ಅದೆಂದು ತಿಳಿದಿದ್ದೆ.

ಗೌರವವೂ ಇದ್ದೀತು. ಆದರೆ ನಿಜವಾದ ಕಾರಣ ಅವನ ಕಣ್ಣಿಗೆ ಪೊರೆ ಬರುತ್ತಿತ್ತು. ಚಾಪೆಯನ್ನು ವಾರದಿಂದ ವಾರಕ್ಕೆ ಬಾಗಿಲಿಗೆ ಹತ್ತಿರ ಎಳೆಯುತ್ತಿದ್ದುದನ್ನು ನಾನು ಕಂಡಿದ್ದೆ. ಆನೆಯನ್ನೂ ಮೂಗಿಗೆ ಹಿಡಿದು ಮೂಸುವುದನ್ನು ಕಂಡು ನಕ್ಕಿದ್ದೆ. ಅತ್ತಿಯ ಹಸಿರು ಸೀರೆಗೆ ನೀಲಿ ಎಂದು, ನೀಲಿಗೆ ಹಸಿರು ಎಂದು ಅವನು ಹೇಳಿದಾಗ ಗಂಡಸರಿಗೆ ಬಣ್ಣ ತಿಳಿಯುವುದಿಲ್ಲ ಎಂದುಕೊಂಡಿದ್ದೆ. ಜೀಬ್ರಾದ ಮಸುಕು ಗೆರೆ ಬಿಡದೆ ನೋಡುತ್ತಿದ್ದವಳಿಗೆ ಎದುರು ಕೂತವನ ಕಣ್ಣು ಕಾಣಲಿಲ್ಲ. ಅವನಾದರೂ ಯಾರಿಗೂ ಹೇಳಲಿಲ್ಲ. ಕಾಯಿ ನೋಡುವವನಿಗೆ ಕಣ್ಣು ಮಂಜಾಗಿದೆ ಎಂದು ಒಮ್ಮೆ ಪೇಟೆಗೆ ಗೊತ್ತಾದರೆ ಮುಗಿಯಿತು, ಮಾರನೆಯ ದಿನ ಅವನ ಮಾತಿಗೆ ಯಾರೂ ಚೀಟಿ ಬರೆಯುವುದಿಲ್ಲ.

ಇನ್ನು ಚಿಗರಿಯ ವಿಷಯ. ಪುಸ್ತಕದವರು ಕೃಷ್ಣಮೃಗ ಎನ್ನುವುದನ್ನೇ ನಾವು ಚಿಗರಿ ಎನ್ನುವುದು. ರಾಣೆಬೆನ್ನೂರಿನ ಸುತ್ತ ಹೊಲಗಳಲ್ಲಿ ಅವು ಹಿಂಡು ಹಿಂಡಾಗಿ ಬಂದು ಗೋವಿನಜೋಳ ಮೇಯುತ್ತವೆ. ಬಸ್ಸಿನ ಕಿಟಕಿಯಿಂದ ಕಂಡರೂ ನಾವು ಯಾರೂ ತಲೆ ಹೊರಗೆ ಹಾಕುವುದಿಲ್ಲ. ಮಾಮಾನ ಹತ್ತಿರ ಎರಡು ಚಿಗರಿಗಳಿದ್ದವು. ಒಂದನ್ನು ಸ್ಟೇಶನ್ನಿನ ತಳ್ಳುಗಾಡಿಯಲ್ಲಿ ಅವನು ಕೊಂಡಿದ್ದ, ಇನ್ನೊಂದನ್ನು ದಾವಣಗೆರೆಯಿಂದ ನಾನು ತಂದಿದ್ದೆ. ಎರಡಕ್ಕೂ ಸೇರಿ ಅವನು ಒಂದೇ ಚೀಟಿ ಬರೆದಿದ್ದ: "ಚಿಗರಿ, ನಮ್ಮ ಕಡೇವು". ಒಂದು ವಾರ ಲೈಬ್ರರಿಯಲ್ಲಿ ನನಗೆ ನಿಧಿ ಸಿಕ್ಕಂತಾಯಿತು. ಚಿಗರಿಯಲ್ಲೂ ಎರಡು ಉಪಪ್ರಭೇದ ಇವೆಯಂತೆ. ರಾಜಸ್ಥಾನದ ಕಡೆಯದಕ್ಕೆ ಕಣ್ಣಿನ ಸುತ್ತಲಿನ ಬಿಳಿ ಉಂಗುರ ಎಲ್ಲ ಕಡೆ ದಪ್ಪ, ನಮ್ಮದಕ್ಕೆ ಕಣ್ಣಿನ ಮೇಲ್ಭಾಗದಲ್ಲಿ ಅದು ಸಣ್ಣಗಾಗುತ್ತದೆ. ನನಗೆ ತಟ್ಟನೆ ನೆನಪಾಯಿತು: ನಮ್ಮ ಎರಡು ಚಿಗರಿಗಳ ಕಣ್ಣಿನ ಬಿಳಿ ಒಂದೇ ತರಹ ಇಲ್ಲ! ಭಾನುವಾರ ಯಾವಾಗ ಬರುತ್ತದೋ ಎಂದು ಕಾದೆ.

ಆ ಭಾನುವಾರ ನಾನು ಹೋದಾಗ ಮಾಮಾನ ಪಡಸಾಲೆಯಲ್ಲಿ ಮಂದಿ ಕೂತಿದ್ದರು. ಸಾವ್ಕಾರರು ಮಗಳ ಲಗ್ನಪತ್ರಿಕೆ ಕೊಡಲು ತಮ್ಮ ತಮ್ಮನನ್ನೂ ಪೇಟೆಯ ಇಬ್ಬರು ಹಿರಿಯರನ್ನೂ ಕರೆದುಕೊಂಡು ಬಂದಿದ್ದರು. ಅತ್ತಿ ಚಹಾ ಕೊಡುತ್ತಿದ್ದಳು. ಸಾವ್ಕಾರರು ಕಪಾಟು ನೋಡಿ, "ಇದೇನೋ ಮಲ್ಲೇಶಪ್ಪ, ಮನ್ಯಾಗ ಸರ್ಕಸ್ ಇಟ್ಟೀಯಲ್ಲೋ" ಎಂದು ನಕ್ಕರು. ಮಾಮಾ ನಾಚಿಕೊಂಡು, "ನಮ್ಮ ಸೊಸಿ ಬಂದಾಳಲ್ರಿ, ಆಕೀನ ಕೇಳ್ರಿ. ಎಲ್ಲಾ ಆಕೀಗೆ ಗೊತ್ತೈತಿ" ಎಂದ. ಅಷ್ಟು ಸಾಕಾಯಿತು ನನಗೆ. ಚಪ್ಪಲಿ ಬಿಟ್ಟವಳೇ ಹೋಗಿ ಎರಡೂ ಚಿಗರಿಗಳನ್ನು ಎತ್ತಿಕೊಂಡೆ.

"ಮಾಮಾ, ಇವೆರಡೂ ಬ್ಯಾರೆ ಬ್ಯಾರೆ. ನೀ ತಪ್ಪು ಬರದೀ."

ಅವನು ಎರಡನ್ನೂ ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಸವರಿದ. "ಇಲ್ಲವಾ. ಎರಡೂ ಒಂದ ಅದಾವ."

"ಕಣ್ಣಿನ ಸುತ್ತ ನೋಡು! ಇದಕ್ಕ ಬಿಳಿ ಎಷ್ಟ ದಪ್ಪ ಐತಿ. ಅದಕ್ಕ ಮ್ಯಾಲ ಸಣ್ಣ ಆಗೇತಿ. ಇದು ರಾಜಸ್ಥಾನದ್ದು, ಅದು ನಮ್ಮದು. ಇಷ್ಟ ಎದ್ದು ಕಾಣತೈತಿ, ನಿನಗ ಕಾಣವಲ್ದೇನು ಮಾಮಾ?"

ಮಾಮಾ ಅವುಗಳನ್ನು ಬಾಗಿಲ ಬೆಳಕಿಗೆ ಹಿಡಿದ. ಒಮ್ಮೆ ದೂರ, ಒಮ್ಮೆ ಹತ್ತಿರ. ಅವನ ಹೆಬ್ಬೆರಳು ಮತ್ತೆ ಹೊಟ್ಟೆಯ ಕೆಳಗೆ ಹೋಗಿ ಅಲ್ಲೇ ನಿಂತಿತು. ಏನೋ ಹೇಳಲು ಬಾಯಿ ತೆರೆದವನು ನನ್ನ ಮುಖ ನೋಡಿ ಸುಮ್ಮನಾದ. ಆಮೇಲೆ, "ಹೌದೇನವಾ? ಇದ್ದೀತು. ನೀ ಓದಿದಾಕಿ" ಎಂದ.

"ಸೊಸಿ ಮುಂದ ಸೋತೆಲ್ಲೋ ಮಲ್ಲೇಶಪ್ಪ!" ಎಂದರು ಸಾವ್ಕಾರರು. "ಬಿಳೀದ ಕಾಣವಲ್ದಂದ್ರ ನಾಳೆ ಕೆಂಪ ಹೆಂಗ ಕಾಣಬೇಕೋ?" ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ.

ಸಾವ್ಕಾರರು ಕೆಟ್ಟವರಲ್ಲ, ನಗುನಗುತ್ತಲೇ ಹೇಳಿದ್ದು. ಆದರೆ ವ್ಯಾಪಾರ ಮಾಡುವವರು ನಗುತ್ತ ಆಡಿದ ಮಾತನ್ನೂ ಮನೆಗೆ ಹೋದಮೇಲೆ ತಿರುಗಿಸಿ ನೋಡುತ್ತಾರೆ. ಮುಂದಿನ ಪೇಟೆಯ ದಿನ ಅವರು ಅಂಗಳದಲ್ಲಿ ಒಂದು ಟವೆಲಿನ ಮೇಲೆ ಎರಡು ಹಿಡಿ ಕಾಯಿ ಇಡಿಸಿ ಮಾಮಾನನ್ನು ಕರೆದರಂತೆ. ಒಂದು ಹಿಡಿ ಹೊಸ ಕಾಯಿ. ಇನ್ನೊಂದು ಹಿಂದಿನ ವರ್ಷದ್ದು, ಕೋಲ್ಡ್ ಸ್ಟೋರೇಜಿನಲ್ಲಿದ್ದದ್ದು. ಚಳಿಯಿಂದ ಹೊರಗೆ ಬಂದ ಕಾಯಿ ಹಸಿಗಾಳಿ ಹೀರಿಕೊಂಡು ಕೈಗೆ ಹೊಸದರಂತೆಯೇ ಹತ್ತುತ್ತದಂತೆ, ವ್ಯತ್ಯಾಸ ಇರುವುದು ಕೆಂಪಿನಲ್ಲಿ ಮಾತ್ರ. ಮಾಮಾ ಹಿಚುಕಿದ, ಅಲ್ಲಾಡಿಸಿದ, ಮೂಸಿದ. ಬಿಸಿಲಿಗೆ ಹಿಡಿದ. "ಎರಡೂ ಒಂದ ಲಾಟಿನವು" ಎಂದ.

ಸಾವ್ಕಾರರು ಅವನ ಹೆಗಲ ಮೇಲೆ ಕೈಯಿಟ್ಟು, "ಇನ್ನ ಅಂಗಡ್ಯಾಗ ಕುಂದರು ಮಲ್ಲೇಶಪ್ಪ. ತೂಕ ನೋಡ್ಕೊಂಡಿರು" ಎಂದರು. ಮಾಮಾ ಆ ದಿನದ ಕೆಲಸ ಮುಗಿಸಿ, ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ. ಮತ್ತೆ ಹೋಗಲಿಲ್ಲ. ಇದನ್ನೆಲ್ಲ ನನಗೆ ಹೇಳಿದವಳು ಅತ್ತಿ. ಮಾಮಾ ಅದರ ಬಗ್ಗೆ ನನ್ನ ಹತ್ತಿರ ಒಂದಕ್ಷರ ಆಡಲಿಲ್ಲ. ನಾನು ಹೋದಾಗ ಚಿಗರಿಗಳ ಕೆಳಗೆ ಎರಡು ಬೇರೆ ಬೇರೆ ಚೀಟಿ ಇದ್ದವು. ಒಂದರ ಮೇಲೆ "ನಮ್ಮ ಕಡೇದು", ಇನ್ನೊಂದರ ಮೇಲೆ "ರಾಜಸ್ಥಾನ".

ಆ ಬೇಸಿಗೆಯಲ್ಲಿ ರಾಣೆಬೆನ್ನೂರಿನಲ್ಲಿ ಕಣ್ಣಿನ ಶಿಬಿರವಾಯಿತು. ಅತ್ತಿ ಹಟ ಹಿಡಿದು ಕರೆದುಕೊಂಡು ಬಂದಳು. ಶಸ್ತ್ರಚಿಕಿತ್ಸೆಯಾಯಿತು. ಹನಿ ಹಾಕುವ ಕೆಲಸ ನನಗೆ ಬಂತು, ಹತ್ತು ದಿನ ಬ್ಯಾಡಗಿಯಲ್ಲೇ ಇದ್ದೆ. ಕಪ್ಪು ಕನ್ನಡಕ ತೆಗೆದ ದಿನ ಮಾಮಾ ಹೊರಗಿನ ಕಟ್ಟೆಗೆ ಬಂದು ಆಕಾಶ ನೋಡಿ, "ಇಷ್ಟ ನೀಲಿ ಇತ್ತೇನು ಇದು?" ಎಂದ. ಆಮೇಲೆ ಒಳಗೆ ಬಂದು ಕಪಾಟಿನ ಬಾಗಿಲು ತೆಗೆದ. ಬಹಳ ಹೊತ್ತು ನೋಡಿದ. ನೋಡಿ ನೋಡಿ ನಗತೊಡಗಿದ.

"ಏನ ಬಣ್ಣಾ ಹಚ್ಯಾರವಾ ಇವಕ್ಕ! ಹುಲಿ ಕಣ್ಣು ಹಣಿಮ್ಯಾಲ ಅದಾವಲ್ಲ!"

ಹೌದು, ಹುಲಿಯ ಕಣ್ಣು ಹಣೆಯ ಮೇಲಿತ್ತು. ಆನೆಯ ಬಾಯಿಯ ಕೆಂಪು ಗದ್ದಕ್ಕೆ ಇಳಿದಿತ್ತು. ನಾನೂ ನಕ್ಕೆ. ಆದರೆ ನಗುತ್ತಿರುವಾಗಲೇ ಏನೋ ಮುಗಿದುಹೋಯಿತೆಂದು ನನಗೆ ಗೊತ್ತಾಯಿತು. ಅವನು ಅಷ್ಟು ದಿನ ಬೆರಳಿನಲ್ಲಿ ಕಂಡಿದ್ದ ಪ್ರಾಣಿಗಳೇ ಬೇರೆ, ಈಗ ಕಣ್ಣಿಗೆ ಕಾಣುತ್ತಿದ್ದ ಆಟಿಕೆಗಳೇ ಬೇರೆ. ಮುಂದಿನ ಭಾನುವಾರ ನಾನೊಂದು ತೋಳ ತಂದೆ. ದೂರದಿಂದಲೇ ನೋಡಿ, "ಹೂಂ, ಚಲೋ ಐತಿ" ಎಂದ. ಕೈಗೆ ತೆಗೆದುಕೊಳ್ಳಲಿಲ್ಲ. ನೋಟ್‌ಬುಕ್ ನನ್ನ ಚೀಲದಲ್ಲೇ ಉಳಿಯಿತು. ಬರಬರುತ್ತ ಮನೆಗೆ ಬಂದವರ ಮಕ್ಕಳಿಗೆ ಒಂದೊಂದೇ ಕೊಟ್ಟುಬಿಟ್ಟ. ಅತ್ತಿಯ ಕಪ್ಪು-ಬಸಿಗಳು ತಿರುಗಿ ಪಡಸಾಲೆಗೆ ಬಂದವು. ನನಗೆ ಬಿ.ಎಡ್. ಮುಗಿದು ಹಾವೇರಿಯಲ್ಲಿ ನೌಕರಿ ಸಿಕ್ಕಾಗ, ಎರಡು ಚಿಗರಿಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟ.

ಮಾಮಾ ಈಗಲೂ ಇದ್ದಾನೆ. ಎಂಬತ್ತರ ಹತ್ತಿರ ಬಂದರೂ ಗಟ್ಟಿಯಾಗಿದ್ದಾನೆ. ಕನ್ನಡಕವಿಲ್ಲದೆ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾನೆ. ನಾನು ಹೋದರೆ ಪ್ರೀತಿಯಿಂದ ಮಾತಾಡಿಸುತ್ತಾನೆ, ಮಕ್ಕಳ ಓದು ಕೇಳುತ್ತಾನೆ, ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಬರುತ್ತಾನೆ. ನೀವು ಕೇಳಬಹುದು, ಮತ್ತೇನು ಬೇಕು ನಿನಗೆ ಎಂದು. ನನಗೆ ಬೇಕಾದದ್ದು ಬಾಗಿಲ ಬೆಳಕಿನ ಆ ಚಾಪೆ. ಯಾರಾದರೂ ಒಂದು ವಸ್ತುವನ್ನು ನನ್ನ ಕಡೆ ಸರಿಸಿ "ನೋಡಿ ಹೇಳು" ಎನ್ನಬೇಕು, ನಾನು ಹೇಳುವುದನ್ನು ಕಣ್ಣು ಮುಚ್ಚಿ ಕೇಳಬೇಕು. ಗಂಡ ಒಳ್ಳೆಯವರು, ನನ್ನ ಮಾತನ್ನು ಕಣ್ಣು ತೆರೆದು ಕೇಳುತ್ತಾರೆ, ಅದೂ ಮೊಬೈಲಿನ ಕಡೆಗೆ. ಮಾಮಾನ ಕಣ್ಣು ಬಂದದ್ದಕ್ಕೆ ಸಂತೋಷಪಡಬೇಕಾದವಳು ಅವನಿಗೆ ಕಣ್ಣು ಮಂಜಾಗಿದ್ದ ದಿನಗಳಿಗಾಗಿ ಹಂಬಲಿಸುತ್ತೇನೆ. ಇದು ಆಡಬಾರದ ಮಾತು, ಆದರೆ ನಿಮ್ಮ ಹತ್ತಿರ ಮುಚ್ಚಿಟ್ಟು ಮಾಡುವುದೇನಿದೆ.

ಅವನ ಕೆಲಸ ಕಳೆದವಳು ನಾನು ಎಂಬುದು ಮನಸ್ಸಿನಿಂದ ಎಂದೂ ಹೋಗಿರಲಿಲ್ಲ. ಅತ್ತಿ ಮಾತ್ರ, "ನೀ ಅವತ್ತ ಅಂದದ್ದ ಚಲೋ ಆತು ಬಿಡವಾ. ಇಲ್ಲಂದ್ರ ಇವ್ರು ಆಸ್ಪತ್ರಿ ಮೆಟ್ಲ ಹತ್ತತಿದ್ದಿಲ್ಲ" ಎಂದು ಪ್ರತಿ ಸಲ ಸಮಾಧಾನ ಹೇಳುತ್ತಿದ್ದಳು. ನಾನೂ ಒಂದು ಸಮಾಧಾನ ಹಿಡಿದುಕೊಂಡಿದ್ದೆ. ನಾಲ್ಕು ಮಂದಿಯೆದುರು ಹಾಗೆ ಹೇಳಬಾರದಿತ್ತು, ನಿಜ. ಆದರೆ ಹೇಳಿದ್ದೇನೂ ಸುಳ್ಳಲ್ಲವಲ್ಲ. ಚಿಗರಿಗಳು ಬೇರೆ ಬೇರೆಯೇ ಆಗಿದ್ದವು, ಅವನಿಗೆ ಕಾಣಲಿಲ್ಲ, ನನಗೆ ಕಂಡಿತು. ಇಪ್ಪತ್ತು ವರ್ಷ ಇದರ ಮೇಲೆ ಭಾರ ಹಾಕಿಕೊಂಡು ನಡೆದೆ.

ಫ್ಯಾನ್ಸಿ ಸ್ಟೋರಿನಲ್ಲಿ ನಗೆಪಾಟಲಾಗಿ ಮನೆಗೆ ಬಂದ ಆ ಸಂಜೆ ಯಾಕೋ ಟಿ.ವಿ. ಪಕ್ಕದ ಕಪಾಟಿನಿಂದ ಚಿಗರಿಗಳನ್ನು ಇಳಿಸಿದೆ. ಈ ವರ್ಷವೇ ನನಗೂ ಓದುವ ಕನ್ನಡಕ ಬಂದಿದೆ. ಹಾಕಿಕೊಂಡು ನೋಡಿದೆ. ಕಣ್ಣಿನ ಬಿಳಿ ದಪ್ಪಗಿದ್ದದ್ದರಲ್ಲಿ ಕುಂಚದ ಕೂದಲಿನ ಗೆರೆಗಳು ಕಂಡವು. ಹಚ್ಚಿದವರ ಕೈ ಒಂದಿಷ್ಟು ಭಾರವಾಗಿ ಬಣ್ಣ ಅತ್ತಿತ್ತ ಹರಿದಿತ್ತು, ಅಷ್ಟೇ. ಮಗುಚಿ ನೋಡಿದೆ. ಎರಡರ ಹೊಟ್ಟೆಯ ಕೆಳಗೂ ಒಂದೇ ಅಂಕಿ. ಅಂಕಿಯ ಪಕ್ಕದಲ್ಲಿ, ಅಚ್ಚು ಒಂದಿಷ್ಟು ಒಡೆದಿತ್ತೇನೋ, ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ. ಎರಡಕ್ಕೂ ಅದೇ ಜಾಗದಲ್ಲಿ. ಎರಡೂ ಒಂದೇ ಅಚ್ಚಿನಿಂದ ಬಂದವು. ರಾಜಸ್ಥಾನವೂ ಇಲ್ಲ, ಉಪಪ್ರಭೇದವೂ ಇಲ್ಲ. ಅವನು ಹೇಳಿದ್ದೇ ಸರಿಯಾಗಿತ್ತು, ನಾನು ತಪ್ಪು ಹೇಳಿದ್ದೆ.

ಮರುದಿನ ಭಾನುವಾರ. ಯಾರಿಗೂ ಹೇಳದೆ ಬ್ಯಾಡಗಿಯ ಬಸ್ ಹತ್ತಿದೆ. ಮಾಮಾ ಕಟ್ಟೆಯ ಮೇಲೆ ಕೂತು ಪತ್ರಿಕೆ ಓದುತ್ತಿದ್ದ. "ಬಾರವಾ, ಒಬ್ಬಾಕೇ ಬಂದೀ?" ಎಂದ. ಪಕ್ಕದಲ್ಲಿ ಕೂತೆ.

"ಮಾಮಾ, ಆ ಎರಡ ಚಿಗರಿ ನೆನಪದಾವೇನು?"

"ಹೂಂ."

"ಎರಡೂ ಒಂದ ಅಚ್ಚಿನವು. ನಿನ್ನೆ ನೋಡಿದೆ. ಅವತ್ತ ನಾ ಹೇಳಿದ್ದ ತಪ್ಪಿತ್ತು."

ಅವನು ಪತ್ರಿಕೆಯನ್ನು ನಿಧಾನವಾಗಿ ಮಡಚಿ ತೊಡೆಯ ಮೇಲಿಟ್ಟುಕೊಂಡ. "ಗೊತ್ತೈತಿ" ಎಂದ.

"ಯಾವಾಗ ಗೊತ್ತಾತು?"

"ಅವತ್ತ ಗೊತ್ತಾತು. ಕೈಯಾಗ ಹಿಡದಿದ್ದೆನಲ್ಲ. ಎರಡಕ್ಕೂ ಹೊಟ್ಟಿ ಕೆಳಗ ಗುಳ್ಳಿ ಇತ್ತು, ಬೆರಳಿಗೆ ಹತ್ತಿತು."

ನನ್ನ ದನಿ ಏರಿತು. "ಮತ್ತ ಹೇಳಬೇಕಿಲ್ಲೇನು? ಅದನ್ನ ತೋರಿಸಿದ್ರ ಸಾವ್ಕಾರ್ರು ನಿನ್ನ ಮಾತ ನಂಬತಿದ್ರು. ಅಂಗಳದಾಗ ಕರದು ಹಂಗ ಪರೀಕ್ಷಾ ಮಾಡತಿದ್ದಿಲ್ಲ. ಯಾಕ ಸುಮ್ಮನಾದಿ ಮಾಮಾ?"

ಅವನು ನನ್ನ ಮುಖ ನೋಡಿದ. ಆ ಭಾನುವಾರ ನೋಡಿದ್ದು ಹೀಗೆಯೇ. ಸೋಲೊಪ್ಪಿಕೊಂಡವನ ನೋಟ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ.

"ನಾಕ ಮಂದಿ ಕುಂತಿದ್ರವಾ" ಎಂದ. "ನೀ ಅಷ್ಟ ಖುಷಿಲೆ ಹೇಳಾಕತ್ತಿದ್ದಿ. ಅವ್ರ ಮುಂದ ನಿನ್ನ ತಪ್ಪ ಹೆಂಗ ತಗೀಲಿ?"

ಒಳಗಿಂದ ಅತ್ತಿ ಚಹಾಕ್ಕೆ ಕರೆದಳು. ಅವನು ಎದ್ದು ಒಳಗೆ ಹೋದ. ನಾನು ಕಟ್ಟೆಯ ಮೇಲೆಯೇ ಕೂತಿದ್ದೆ.